ತಿನ್ನುವ ಕಾಡು, ಮಾರುವ ಕಾಡು

ತುಳುನಾಡಿನಲ್ಲಿ ಆಟಿ, ಕೊಡಗಿನಲ್ಲಿ ಕಕ್ಕಡ, ಘಟ್ಟದ ಮೇಲೆ ಆಷಾಢ. ಹೆಸರು ಯಾವುದಾದರೂ ಬಡವರ ಮನೆಯಲ್ಲಿ ಆ ದಿನಗಳ ಪಾಡು ಒಂದೇ ಆಗಿತ್ತು. ಕಣಜದ ತಳ ಕಾಣುತ್ತಿತ್ತು, ಹೊಸ ಭತ್ತ ಕೈಗೆ ಬರಲು ಇನ್ನೂ ತಿಂಗಳುಗಳಿದ್ದವು, ಜಡಿಮಳೆಯಲ್ಲಿ ಕೂಲಿಯೂ ಹುಟ್ಟುತ್ತಿರಲಿಲ್ಲ. ಕಾಡು ಕೈಹಿಡಿಯುತ್ತಿದ್ದದ್ದೂ ಆಗಲೇ. ಬಿದಿರ ಮೆಳೆಯ ಬುಡದಲ್ಲಿ ಕಳಲೆ ಏಳುತ್ತದೆ. ಗುಡುಗಿನ ಬೆನ್ನಿಗೆ ಹುತ್ತದ ಸುತ್ತ ಅಣಬೆ ಮೇಲೇಳುತ್ತದೆ. ಮರದ ಕವಲಿನಲ್ಲಿ ಮರಕೆಸು, ದಾರಿಯ ಬದಿಗೆ ತಗಟೆ ಸೊಪ್ಪು, ತೋಡಿನಂಚಿಗೆ ಒಂದೆಲಗ. ಕಳಲೆಯನ್ನು ತಂದ ದಿನವೇ ಬೇಯಿಸಿ ತಿನ್ನುವಂತಿಲ್ಲ. ಸಿಪ್ಪೆ ಸುಲಿದು, ಬಿಲ್ಲೆ ಹೆಚ್ಚಿ, ನೀರಿನಲ್ಲಿ ಮುಳುಗಿಸಿಟ್ಟು, ದಿನಾ ನೀರು ಬದಲಿಸುತ್ತ ಎರಡು ಮೂರು ದಿನ ಕಾಯಬೇಕು. ಹಸಿ ಕಳಲೆಯಲ್ಲಿ ಸಯನೈಡ್ ಹುಟ್ಟಿಸುವ ಅಂಶವಿದೆ. ಅದನ್ನು ಯಾವ ಪ್ರಯೋಗಾಲಯವೂ ಹೇಳುವ ಮೊದಲೇ ನಮ್ಮ ಅಡುಗೆಮನೆಗಳಿಗೆ ಕಹಿ ಇಳಿಸುವ ಲೆಕ್ಕ ಗೊತ್ತಿತ್ತು.

ಈಗ ಇದೇ ತಿನಿಸುಗಳನ್ನು ಮಂಗಳೂರಿನ ಸಭಾಂಗಣಗಳಲ್ಲಿ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಬಾಳೆಲೆ ಹಾಸಿ ಬಡಿಸುತ್ತಾರೆ. ಒಳ್ಳೆಯದೇ, ರುಚಿ ಉಳಿಯಿತು. ಆದರೆ ಎಲೆಯ ಮೇಲೆ ಸಾಲಾಗಿ ಬರುವ ಆ ಪದಾರ್ಥಗಳು ಹಸಿವಿನ ದಿನಗಳ ಊಟ ಎಂಬುದು ಉಣ್ಣುವವರಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! ಕಾಡಂಚಿನ ಹಳ್ಳಿಗೆ ಕಾಡು ಎರಡು ದಾರಿಯಲ್ಲಿ ಅನ್ನ ಕೊಡುತ್ತದೆ. ಒಂದು, ತಂದು ಬೇಯಿಸಿ ತಿನ್ನುವುದು. ಇನ್ನೊಂದು, ತಂದು ಮಾರಿ ಅಕ್ಕಿ ಕೊಳ್ಳುವುದು. ಸರ್ಕಾರ, ವ್ಯಾಪಾರಿ, ಬಹುಮಟ್ಟಿಗೆ ಸಂಶೋಧಕರೂ ಕಂಡದ್ದು ಎರಡನೆಯದನ್ನು. ತೂಕ, ದರ, ಟೆಂಡರು, ರಶೀದಿ ಇರುವುದು ಅದಕ್ಕೆ. ಮೊದಲನೆಯದಕ್ಕೆ ರಶೀದಿ ಇಲ್ಲ. ಹಾಗಾಗಿ ಅದು ಕಳೆದುಹೋದಾಗ ಯಾರೂ ದೂರು ಬರೆದುಕೊಳ್ಳಲಿಲ್ಲ.

ಕಾಡಿನ ಹುಟ್ಟುವಳಿಗೆ ಲೋಕದ ಮಟ್ಟದಲ್ಲಿ ಬೆಲೆ ಕಟ್ಟುವ ಉತ್ಸಾಹ ಜೋರಾದದ್ದು 1989ರ ನಂತರ. ಆ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಚಾರ್ಲ್ಸ್ ಪೀಟರ್ಸ್ ಮತ್ತು ಸಂಗಡಿಗರ ಪುಟ್ಟ ಬರಹವೊಂದು ಬಂತು. ಪೆರುವಿನ ಅಮೆಜಾನ್ ಕಾಡಿನ ಒಂದು ಹೆಕ್ಟೇರನ್ನು ಕಡಿದು ಮಾರುವುದಕ್ಕಿಂತ, ಉಳಿಸಿಕೊಂಡು ಹಣ್ಣು ಮತ್ತು ಮರದ ಹಾಲನ್ನು ವರ್ಷವರ್ಷ ಕೊಯ್ದರೆ ಲಾಭ ಹೆಚ್ಚು ಎಂಬುದು ಅದರ ಲೆಕ್ಕ. ಕಾಡೂ ಉಳಿಯಿತು, ಬಡವರೂ ಬದುಕಿದರು ಎಂಬ ಜೋಡಿ ಆಸೆ ಅಲ್ಲಿಂದ ಹಬ್ಬಿತು, ದಾನಿಗಳ ಹಣವೂ ಹರಿಯಿತು. ಆದರೆ ಒಂದು ಹೆಕ್ಟೇರಿನ ಹಣ್ಣಿಗೆ ಸಿಕ್ಕ ಬೆಲೆ ಹತ್ತು ಸಾವಿರ ಹೆಕ್ಟೇರಿನ ಹಣ್ಣಿಗೆ ಸಿಗುವುದಿಲ್ಲ ಎಂಬ ಸಂತೆಯ ಸಾಮಾನ್ಯ ಜ್ಞಾನ ಬೇಗನೆ ಆ ಲೆಕ್ಕಕ್ಕೆ ಎದುರಾಯಿತು.

ಮುಂದಿನ ದೊಡ್ಡ ಕೆಲಸ ಅಂತರರಾಷ್ಟ್ರೀಯ ಅರಣ್ಯ ಸಂಶೋಧನಾ ಸಂಸ್ಥೆ ಸಿಫೋರ್ ನಡೆಸಿದ್ದು. 24 ದೇಶಗಳ ಸುಮಾರು 8000 ಮನೆಗಳ ಆದಾಯವನ್ನು ಅದು ದಾಖಲಿಸಿತು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಮನೆಗಳ ಒಟ್ಟು ಆದಾಯದಲ್ಲಿ ಸರಾಸರಿ ಶೇಕಡಾ 22 ಕಾಡಿನಿಂದ ಬರುತ್ತದೆ. ಮಾರಿದ್ದು ಮಾತ್ರವಲ್ಲ, ಮನೆಯಲ್ಲಿ ಬಳಸಿದ್ದಕ್ಕೂ ಬೆಲೆ ಕಟ್ಟಿ ಸೇರಿಸಿದ ಮೊತ್ತ ಇದು. ಅದರಲ್ಲಿ ದೊಡ್ಡ ಪಾಲು ಜೇನೂ ಅಲ್ಲ, ಹಣ್ಣೂ ಅಲ್ಲ, ಸೌದೆ. ಆಹಾರ ಭದ್ರತೆಯ ಚರ್ಚೆಯಲ್ಲಿ ಸೌದೆಯ ಹೊರೆಗೆ ಸಿಗಬೇಕಾದ ಜಾಗ ಸಿಕ್ಕಿಲ್ಲ. ಪಡಿತರದ ಅಕ್ಕಿ ಬಂದರೂ ಅದು ಹಸಿಯಾಗಿ ಹೊಟ್ಟೆಗೆ ಹೋಗುವುದಿಲ್ಲವಲ್ಲ.

ಅದೇ ಅಧ್ಯಯನ ಕೆಲವು ನಂಬಿಕೆಗಳನ್ನು ಅಲುಗಾಡಿಸಿತು. ಬಡವರ ಆದಾಯದಲ್ಲಿ ಕಾಡಿನ ಪಾಲು ಹೆಚ್ಚು, ನಿಜ. ಆದರೆ ಒಟ್ಟು ಮೌಲ್ಯ ನೋಡಿದರೆ ಕಾಡಿನಿಂದ ಹೆಚ್ಚು ಹೊತ್ತು ತರುವವರು ಉಳ್ಳವರೇ. ಬೆಳೆ ಹೋದಾಗ, ಮನೆಯಲ್ಲಿ ಕಾಯಿಲೆ ಬಿದ್ದಾಗ ಜನ ಮೊದಲು ಓಡುವುದು ಕಾಡಿಗೆ ಎಂಬ ಮಾತಿಗೂ ಬಲವಾದ ಆಧಾರ ಸಿಗಲಿಲ್ಲ. ಹೆಚ್ಚಿನವರು ಕೂಲಿ ಹುಡುಕುತ್ತಾರೆ, ಇದ್ದದ್ದನ್ನು ಮಾರುತ್ತಾರೆ, ನೆಂಟರಿಷ್ಟರನ್ನು ಕೇಳುತ್ತಾರೆ. ಈ ಎರಡನೆಯ ಮಾತನ್ನು ನಮ್ಮ ಕಡೆಗೆ ಹಾಗೆಯೇ ತಂದುಕೊಳ್ಳಲು ನಾನು ಹಿಂಜರಿಯುತ್ತೇನೆ. ಆಟಿಯ ಕೊರತೆ ಆಕಸ್ಮಿಕವಲ್ಲ. ವರ್ಷವೂ ಗೊತ್ತಿದ್ದೇ ಬರುವ ಅತಿಥಿ ಅದು, ಅದಕ್ಕೆಂದೇ ಸೊಪ್ಪು, ಗೆಡ್ಡೆ, ಅಣಬೆಯ ಪಂಚಾಂಗ ತಯಾರಿತ್ತು. ಕಾಡು ಆಪತ್ತಿಗಲ್ಲ, ಋತುವಿಗೆ ಒದಗುತ್ತಿತ್ತು.

ಆಫ್ರಿಕದ 21 ದೇಶಗಳ ಮಕ್ಕಳ ಊಟವನ್ನು ಉಪಗ್ರಹ ಚಿತ್ರಗಳ ಮರದ ಹೊದಿಕೆಯೊಂದಿಗೆ ಹೋಲಿಸಿದ ಇನ್ನೊಂದು ಅಧ್ಯಯನವೂ 2014ರದೇ. ಮರ ಹೆಚ್ಚಿದ್ದ ಕಡೆ ಮಕ್ಕಳು ತಿನ್ನುವ ಬಗೆಗಳೂ ಹೆಚ್ಚು. ಆದರೆ ಹಣ್ಣು ತರಕಾರಿಯ ಮಟ್ಟ ಮರದ ಹೊದಿಕೆ ಶೇಕಡಾ 45ರಷ್ಟಿದ್ದಾಗ ತುತ್ತತುದಿಗೇರಿ, ಅದಕ್ಕೂ ದಟ್ಟವಾದ ಕಾಡಿನಲ್ಲಿ ಇಳಿಯುತ್ತದೆ. ಹಳೇ ಮೈಸೂರಿನ ಬೆರಕೆ ಸೊಪ್ಪು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಗಣಿಕೆ, ಅಣ್ಣೆ, ಹೊನಗೊನ್ನೆ, ಗೋಣಿ, ಕಿರಕಸಾಲೆ, ಇವು ಸಿಗುವುದು ನಡುಗಾಡಿನಲ್ಲಲ್ಲ. ಹೊಲದ ಬದು, ಕೆರೆಯಂಗಳ, ಗೋಮಾಳ, ಕುರುಚಲು ಕಾಡಿನ ಅಂಚಿನಲ್ಲಿ. ರಾಗಿ ಹೊಲದ ಕಳೆಯೇ ಮಧ್ಯಾಹ್ನದ ಮಸ್ಸೊಪ್ಪು. ಕಳೆನಾಶಕದ ಡಬ್ಬಿ ಹಳ್ಳಿಗೆ ಬಂದ ಮೇಲೆ ಈ ಬಗೆಯ ಊಟ ಎಷ್ಟು ಕುಗ್ಗಿತು ಎಂಬ ಲೆಕ್ಕ ಅರಣ್ಯ ಇಲಾಖೆಯ ಕಡತದಲ್ಲೂ ಇರುವುದಿಲ್ಲ, ಕೃಷಿ ಇಲಾಖೆಯ ಕಡತದಲ್ಲೂ ಇರುವುದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ ಗೃಹಬಳಕೆ ಪ್ರಶ್ನಾವಳಿಯಲ್ಲಿ ‘ಉಚಿತವಾಗಿ ಸಂಗ್ರಹಿಸಿದ್ದು’ ಎಂಬ ಸಂಕೇತವೊಂದು ಇದೆ. ಆದರೆ ಹತ್ತಾರು ಸೊಪ್ಪುಗಳು ಅಲ್ಲಿ ‘ಇತರ ಸೊಪ್ಪು’ ಎಂಬ ಒಂದೇ ಚೀಲಕ್ಕೆ ಬೀಳುತ್ತವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಾಜ್ಯದ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರ ಮಂದಿಗೆ ರಕ್ತಹೀನತೆ ಕಂಡುಬಂದಿದೆ. ಸೊಪ್ಪಿನ ಚೀಲವನ್ನು ಬಿಚ್ಚಿ ನೋಡಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಎರಡೂ ಕಾಡುಗಳ ಕಥೆ ಒಂದೇ ಕಡೆ ಸಿಗುವುದು ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿನ ಸೋಲಿಗರು ಹಿಂದೆ ಪೋಡಿನಿಂದ (ಹಾಡಿಯಿಂದ) ಪೋಡಿಗೆ ಜಾಗ ಬದಲಿಸುತ್ತ ರಾಗಿ, ಅವರೆ, ಸಾಸಿವೆ ಬೆಳೆಯುತ್ತಿದ್ದವರು, ಬೇಟೆಯಾಡುತ್ತಿದ್ದವರು, ಗೆಣಸು ಅಗೆಯುತ್ತಿದ್ದವರು. ವನ್ಯಜೀವಿ ಕಾಯ್ದೆ ಬಂದದ್ದು 1972ರಲ್ಲಿ, ಬೆಟ್ಟ ಅಭಯಾರಣ್ಯವಾದದ್ದು 1974ರಲ್ಲಿ. ಬೇಟೆ ನಿಂತಿತು, ಅಲೆಮಾರಿ ಬೇಸಾಯ ನಿಂತಿತು, ಪೋಡುಗಳು ಒಂದೆಡೆ ನೆಲೆಗೊಂಡವು. ಉಳಿದದ್ದು ನೆಲ್ಲಿಕಾಯಿ, ಜೇನು, ಮರಪಾಚಿ, ಸೀಗೆ, ಅಂಟುವಾಳ, ಅಳಲೆ, ಪೊರಕೆ ಹುಲ್ಲು. ಇವನ್ನು ಕೊಳ್ಳುವ ಹಕ್ಕು ಗಿರಿಜನರ ಸಹಕಾರ ಸಂಘಗಳಿಗೆ, ಅಂದರೆ ಲ್ಯಾಂಪ್ಸ್‌ಗಳಿಗೆ ಸಿಕ್ಕಿತು. 1990ರ ದಶಕದ ಮಧ್ಯದಲ್ಲಿ ನಡೆದ ಅಧ್ಯಯನ ಸೋಲಿಗ ಮನೆಗಳ ನಗದು ಆದಾಯದಲ್ಲಿ ಅರ್ಧದ ಆಸುಪಾಸು ಈ ಕಾಡಿನ ಸಂಗ್ರಹದಿಂದಲೇ ಬರುತ್ತದೆ ಎಂದಿತು. ಆ ಅಂಕಿಯನ್ನು ಕಾಡು ಮತ್ತು ಆದಿವಾಸಿಯ ಅನಾದಿ ನಂಟಿನ ಪುರಾವೆಯಾಗಿ ಹೇಳುವವರಿದ್ದಾರೆ. ನನಗೆ ಅದು ಬೇರೆ ರೀತಿ ಕಾಣುತ್ತದೆ. ತಿನ್ನುವ ಕಾಡಿನ ಬಾಗಿಲು ಒಂದೊಂದಾಗಿ ಮುಚ್ಚಿದ ಮೇಲೆ ಮಾರುವ ಕಾಡೊಂದೇ ತೆರೆದಿತ್ತು. ಅರ್ಧ ಆದಾಯ ಅದರಿಂದ ಬಂದದ್ದು ಹಳೆಯ ಪದ್ಧತಿಯಿಂದಲ್ಲ, ಕಾಲು ಶತಮಾನದ ನೀತಿಯಿಂದ.

ಆಮೇಲೆ ಆ ಬಾಗಿಲೂ ಮುಚ್ಚಿತು. ಅಭಯಾರಣ್ಯದೊಳಗಿಂದ ಮಾರಾಟಕ್ಕಾಗಿ ಏನನ್ನೂ ತರಬಾರದೆಂಬ, ವನ್ಯಜೀವಿ ಕಾಯ್ದೆಯ 2002ರ ತಿದ್ದುಪಡಿ ಕೆಲವೇ ವರ್ಷಗಳಲ್ಲಿ ಬೆಟ್ಟದಲ್ಲಿ ಜಾರಿಯಾಯಿತು. ಸ್ವಂತಕ್ಕೆ ಸೊಪ್ಪು ಕಿತ್ತರೆ ತಪ್ಪಿಲ್ಲ, ಮಾರಿದರೆ ತಪ್ಪು ಎಂಬುದು ಕಾಗದದ ಮೇಲಿನ ಮಾತು. ಬಗಲಿನಲ್ಲಿ ಚೀಲ ಹಿಡಿದು ಕಾಡಿನಿಂದ ಬರುವ ಹೆಂಗಸಿಗೆ ಗೇಟಿನ ಬಳಿ ಈ ವ್ಯತ್ಯಾಸ ಯಾರು ಬಿಡಿಸಿ ಹೇಳಬೇಕು? ಕಾಡಿಗೆ ಹೋಗಲು ನೆಪವೇ ಇಲ್ಲವಾದಾಗ ನೆಲ್ಲಿಯ ಜೊತೆಗೆ ದಾರಿಯಲ್ಲಿ ಸಿಗುತ್ತಿದ್ದ ಗೆಣಸು, ಅಣಬೆ, ಸೊಪ್ಪೂ ಮನೆಗೆ ಬರುವುದು ಕಡಿಮೆಯಾಗುತ್ತದೆ. ಮಕ್ಕಳು ಅವನ್ನು ಗುರುತಿಸಲು ಕಲಿಯುವುದೂ ಇದೇ ಓಡಾಟದಲ್ಲಿ.

ನಿಷೇಧದ ಹಿಂದಿನ ವಾದ ಸರಳವಾಗಿತ್ತು: ಕೊಯ್ಲಿನಿಂದ ನೆಲ್ಲಿ ಮರ ನಾಶವಾಗುತ್ತಿದೆ. ನೆಲ್ಲಿ ಕಡಿಮೆಯಾಗುತ್ತಿದ್ದದ್ದು ಸುಳ್ಳಲ್ಲ. ಆದರೆ ಏಟ್ರೀ ಸಂಸ್ಥೆಯ ಸಂಶೋಧಕರು ವರ್ಷಗಟ್ಟಲೆ ಮರಗಳನ್ನು ಎಣಿಸಿ ನೋಡಿದಾಗ ಕೊಯ್ಲಿಗಿಂತ ದೊಡ್ಡ ಶತ್ರುಗಳು ಬೇರೆಯೇ ಇದ್ದವು: ನೆಲ ಮುಚ್ಚಿದ ಲಂಟಾನ, ಮತ್ತು ಕೊಂಬೆಯ ಮೇಲೆ ಬೇರುಬಿಟ್ಟು ಮರದ ಸಾರ ಹೀರುವ, ಸೋಲಿಗರು ಉಪ್ಪಿಲು ಎನ್ನುವ ಬಂದಳಿಕೆ. 1997ರಿಂದ 2008ರ ನಡುವೆ ಬೆಟ್ಟದಲ್ಲಿ ಲಂಟಾನ ಕಾಣಿಸುವ ಜಾಗ ಸುಮಾರು ಇಮ್ಮಡಿಯಾಗಿತ್ತು. ಇದನ್ನು ಸೋಲಿಗ ಹಿರಿಯರು ಮೊದಲಿನಿಂದ ಹೇಳುತ್ತಲೇ ಇದ್ದರು. ಬೇಸಿಗೆಯ ಆರಂಭದಲ್ಲಿ ಒಣ ಎಲೆಗಷ್ಟೇ ತಗಲುವಂತೆ ಹಾಕುತ್ತಿದ್ದ ತರಗು ಬೆಂಕಿ ಲಂಟಾನದ ಸಸಿಯನ್ನೂ ಉಪ್ಪಿಲನ್ನೂ ಹತ್ತಿಕ್ಕುತ್ತಿತ್ತು, ಮರಕ್ಕೆ ತೊಂದರೆ ಮಾಡುತ್ತಿರಲಿಲ್ಲ. ಬೆಂಕಿ ಅಪರಾಧವಾಯಿತು. ಲಂಟಾನ ಆಳೆತ್ತರ ಬೆಳೆದ ಮೇಲೆ ಈಗ ಬೆಂಕಿ ಬಿದ್ದರೆ ಅದು ತರಗಿನಲ್ಲಿ ನಿಲ್ಲುವುದಿಲ್ಲ, ನೆತ್ತಿಗೇರುತ್ತದೆ.

2011ರ ಆರಂಭಕ್ಕೆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ 25 ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಪತ್ರ ಸಿಕ್ಕಿತು. ದೇಶದ ಹುಲಿ ಕಾಡೊಂದರಲ್ಲಿ ಇದು ಮೊದಲು. ಕೊಯ್ಲು ಮತ್ತೆ ಶುರುವಾಯಿತು. ಅಷ್ಟರಲ್ಲಿ ನೆಲ್ಲಿ ಇಳುವರಿ ಬಿದ್ದಿತ್ತು, ಯುವಕರು ಕೊಡಗಿನ ಕಾಫಿ ತೋಟಗಳ ಕೂಲಿಗೆ ಹೊರಟಿದ್ದರು, ಪೋಡಿನೊಳಗೂ ಕಾಫಿ ಗಿಡ ಬಂದಿತ್ತು. ಹಕ್ಕು ಮರಳಿ ಬರುವಾಗ ಹಕ್ಕಿನ ವಸ್ತು ಅರ್ಧ ಕರಗಿತ್ತು. ಹಕ್ಕುಪತ್ರದಿಂದ ಏನೂ ಆಗಲಿಲ್ಲ ಎಂದು ವಾದಿಸುವವರು ಈ ನಡುವಿನ ವರ್ಷಗಳನ್ನು ಬಿಟ್ಟು ಲೆಕ್ಕ ಹಾಕುತ್ತಾರೆ.

ಉತ್ತರ ಕನ್ನಡದ ಪಾಠ ಬೇರೆ. ಅಲ್ಲಿ ಬಾಗಿಲು ಮುಚ್ಚಿದ್ದಲ್ಲ, ಸಂತೆ ನುಗ್ಗಿದ್ದು. ಉಪ್ಪಗೆಯ ಸಿಪ್ಪೆ ಮಲೆನಾಡಿನ ಅಡುಗೆಯ ಹುಳಿ, ಬೀಜದಿಂದ ತೆಗೆದ ಉಪ್ಪಗೆ ತುಪ್ಪ ಹೈನಿಲ್ಲದ ಮನೆಯ ಜಿಡ್ಡು. 1990ರ ದಶಕದಲ್ಲಿ ಇದೇ ಸಿಪ್ಪೆಯ ಆಮ್ಲ ಬೊಜ್ಜು ಕರಗಿಸುತ್ತದೆಂಬ ಸುದ್ದಿ ಅಮೆರಿಕದಲ್ಲಿ ಹಬ್ಬಿ, ಸಿರ್ಸಿ, ಸಿದ್ದಾಪುರದ ಕಾಡಿಗೆ ಚೀಲ ಹಿಡಿದವರ ಹಿಂಡು ಬಂತು. ಉಪ್ಪಗೆ ಹಣ್ಣಾಗಿ ಉದುರುವುದು ಮಳೆಗಾಲದಲ್ಲಿ. ಹಣ್ಣಾಗಲು ಬಿಟ್ಟರೆ ಇನ್ನೊಬ್ಬ ಕೊಯ್ಯುತ್ತಾನೆ ಎಂಬ ಭಯಕ್ಕೆ ಜನ ಕಾಯನ್ನೇ ಕಿತ್ತರು, ಕೈಗೆ ಎಟುಕದಿದ್ದರೆ ಕೊಂಬೆಯನ್ನೇ ಇಳಿಸಿದರು. ಮಳೆಯಲ್ಲಿ ಬಿಸಿಲೆಲ್ಲಿ? ಸಿಪ್ಪೆಯನ್ನು ಒಲೆಯ ಮೇಲೆ ಅಟ್ಟ ಕಟ್ಟಿ ಒಣಗಿಸಬೇಕು, ಅದಕ್ಕೆ ರಾಶಿಗಟ್ಟಲೆ ಸೌದೆ. ಒಂದು ಕಾಡಿನ ಹಣ್ಣು ಒಣಗಲು ಅದೇ ಕಾಡಿನ ಮರ ಉರಿಯಿತು. 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಬಂದ ಪ್ರಯೋಗ ಈ ಆಮ್ಲದಿಂದ ತೂಕ ಇಳಿಯುವುದಿಲ್ಲ ಎಂದಿತು. ಅಷ್ಟು ಹೊತ್ತಿಗೆ ಇಲ್ಲಿ ಎಷ್ಟೋ ಕೊಂಬೆ ನೆಲಕ್ಕೆ ಬಿದ್ದಾಗಿತ್ತು.

ಉಪ್ಪಗೆಯನ್ನು ಹತ್ತಿರದಿಂದ ನೋಡಿದ ನಿತಿನ್ ರೈ ಅವರಂಥ ಸಂಶೋಧಕರು ಗಮನಿಸಿದ ಸಂಗತಿ ಇಲ್ಲಿ ಮುಖ್ಯ. ಮರ ತನ್ನದೆಂಬ ಭರವಸೆ ಇರುವಲ್ಲಿ ಜನ ಹಣ್ಣಾಗುವವರೆಗೆ ಕಾಯುತ್ತಾರೆ. ಯಾರದೂ ಅಲ್ಲದ ಕಾಡಿನಲ್ಲಿ ಕಾಯುವವನೇ ದಡ್ಡ. ನದಿಯಂಚಿನ ಅಪ್ಪೆಮಿಡಿ ಮಾವಿಗೂ ಇದೇ ಗತಿ. ಅಘನಾಶಿನಿ, ಶರಾವತಿ, ವರದೆಯ ದಂಡೆಯ ಹೆಸರಾಂತ ಮರಗಳ ಕೊಂಬೆಗಳನ್ನು ಮಿಡಿಯ ಆಸೆಗೆ ಕಡಿದದ್ದನ್ನು ಆ ಕಡೆಯವರೆಲ್ಲ ಬಲ್ಲರು. ಉಳಿದದ್ದು ಹೆಚ್ಚಾಗಿ ಕಸಿ ಕಟ್ಟಿ ತೋಟಕ್ಕೆ ತಂದವರ ಹಿತ್ತಲಲ್ಲಿ. ಹಾಗೆ ತೋಟಕ್ಕೆ ಬಂದ ಮಿಡಿ ತೋಟವಿಲ್ಲದವನ ಪಾಲಿಗೆ ಇಲ್ಲವಾಯಿತು ಎಂಬುದನ್ನೂ ಜೊತೆಗೇ ಹೇಳಬೇಕು.

ಭೂಮಿ ಇದ್ದವನಿಗೇ ಕಾಡು ಹೆಚ್ಚು ಒಲಿಯುತ್ತದೆ ಎಂಬುದಕ್ಕೆ ಸೊಪ್ಪಿನ ಬೆಟ್ಟಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಒಂದು ಎಕರೆ ಅಡಿಕೆ ತೋಟಕ್ಕೆ ಸೊಪ್ಪು, ದರಗು ತರಲು 9 ಎಕರೆಯವರೆಗೆ ಬೆಟ್ಟ ಬಳಸುವ ಸೌಲಭ್ಯ ಬ್ರಿಟಿಷರ ಕಾಲದಿಂದ ಉತ್ತರ ಕನ್ನಡದ ತೋಟಿಗರಿಗಿದೆ. ಆ ಬೆಟ್ಟಗಳಿಂದ ತೋಟ ಉಳಿಯಿತು, ಎಷ್ಟೋ ಕಡೆ ಕಾಡೂ ಉಳಿಯಿತು, ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ಅದೇ ಬೆಟ್ಟದಿಂದ ದರಗಿನ ಹೊರೆ ಹೊತ್ತು ತರುವ ಕೂಲಿಯ ಹೆಣ್ಣುಮಗಳಿಗೆ ಒಲೆಗೆ ಬೇಕಾದ ಒಣ ಕಡ್ಡಿಯ ಮೇಲೂ ಬರೆದಿಟ್ಟ ಹಕ್ಕಿರಲಿಲ್ಲ.

ಬಿದಿರಿನ ವಿಷಯದಲ್ಲಂತೂ ಪಕ್ಷಪಾತಕ್ಕೆ ದರಪಟ್ಟಿಯೇ ಸಾಕ್ಷಿ. ದಾಂಡೇಲಿಯ ಕಾಗದದ ಗಿರಣಿಗೆ ಸರ್ಕಾರ ಬಿದಿರು ಕೊಟ್ಟದ್ದು ಟನ್ನಿಗೆ ಒಂದೂವರೆ ರೂಪಾಯಿಗೆ. ಬುಟ್ಟಿ ಹೆಣೆಯುವ ಮೇದಾರರು ಪೇಟೆಯಲ್ಲಿ ಅದರ ನೂರಾರು ಪಟ್ಟು ತೆರುತ್ತಿದ್ದರು. ಬಿದಿರು ಖಾಲಿಯಾಗುತ್ತ ಬಂದಾಗ, 1970ರ ದಶಕದಲ್ಲಿ, ರಾಜ್ಯ ಸರ್ಕಾರ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಅಧ್ಯಯನಕ್ಕೆ ಕಳಿಸಿತು. ಹಳ್ಳಿಗರ ದನಕರು ಮತ್ತು ಕತ್ತಿಯೇ ಕಾರಣ ಎಂಬುದು ಆಗಿನ ಸರ್ಕಾರಿ ನಂಬಿಕೆ. ಗಾಡ್ಗೀಳರು ಮೆಳೆಗಳ ಬುಡದಲ್ಲಿ ಕೂತು ನೋಡಿದಾಗ ಕಂಡದ್ದು ಬೇರೆ. ಬಿದಿರಿನ ಬುಡಕ್ಕೆ ಮುಳ್ಳಿನ ಹೆಣಿಗೆಯೊಂದು ಇರುತ್ತದೆ, ಎಳೆ ಕಳಲೆಗೆ ಅದೇ ಕಾವಲು. ಕಡಿಯಲು ಸಲೀಸಾಗಲೆಂದು ಗಿರಣಿಯ ಆಳುಗಳು ಆ ಮುಳ್ಳನ್ನು ಸವರುತ್ತಿದ್ದರು. ಆಮೇಲೆ ಕಳಲೆ ದನಕ್ಕೂ ಸಿಗುತ್ತಿತ್ತು, ಕಾಡುಪ್ರಾಣಿಗೂ ಸಿಗುತ್ತಿತ್ತು, ಮೆಳೆ ಸಾಯುತ್ತಿತ್ತು. ಊರವರು ಬಿದಿರು ಕಡಿಯುವಾಗ ಮುಳ್ಳು ಬಿಟ್ಟು ಮೇಲಿನಿಂದ ಕಡಿಯುತ್ತಿದ್ದರು.

2006ರ ಅರಣ್ಯ ಹಕ್ಕು ಕಾಯ್ದೆ ಬಿದಿರು, ಬೆತ್ತವನ್ನೂ ಸೇರಿಸಿ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಅರಣ್ಯವಾಸಿಗಳಿಗೆ ಕೊಟ್ಟಿತು. ಕಾಗದದ ಮೇಲೆ ಇದಕ್ಕಿಂತ ದೊಡ್ಡ ತಿರುವು ಬೇರಿಲ್ಲ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷಗಳ, ಅಂದರೆ ಮೂರು ತಲೆಮಾರಿನ ವಾಸ ರುಜುವಾತು ಮಾಡಬೇಕು. ಉತ್ತರ ಕನ್ನಡ, ಶಿವಮೊಗ್ಗದಲ್ಲಿ ಕಾಡನ್ನು ನಂಬಿದವರಲ್ಲಿ ಬಹುಪಾಲು ಇಂಥವರೇ. ರಾಜ್ಯದಲ್ಲಿ ಹೆಚ್ಚಿನ ಅರ್ಜಿಗಳು ತಿರಸ್ಕೃತವಾದದ್ದಕ್ಕೆ ಇದೊಂದು ದೊಡ್ಡ ಕಾರಣ. ಸಂವಿಧಾನದ ಐದನೇ ಅನುಸೂಚಿಯ ಪ್ರದೇಶ ಕರ್ನಾಟಕದಲ್ಲಿ ಇಲ್ಲದಿರುವುದರಿಂದ ಅಂಥ ಪ್ರದೇಶದ ಗ್ರಾಮಸಭೆಗಳಿಗೆ ಅಧಿಕಾರ ಕೊಡುವ 1996ರ ಪೆಸಾ ಕಾಯ್ದೆಯ ಬಲವೂ ಇಲ್ಲಿನ ಆದಿವಾಸಿ ಗ್ರಾಮಸಭೆಗಳಿಗಿಲ್ಲ. 2013–14ರಿಂದ ಕೇಂದ್ರ ಸರ್ಕಾರ ಕಾಡಿನ ಉತ್ಪನ್ನಕ್ಕೆ ಕನಿಷ್ಠ ಬೆಂಬಲ ಬೆಲೆ ಘೋಷಿಸುತ್ತಿದೆ. ಒಳ್ಳೆಯ ಹೆಜ್ಜೆಯೇ, ಆದರೆ ಅದೂ ಮಾರುವ ಕಾಡಿಗೆ ಸಂಬಂಧಿಸಿದ್ದು.

ತಿನ್ನುವ ಕಾಡಿನ ಜಾಗದಲ್ಲಿ ಸರ್ಕಾರ ಇಟ್ಟದ್ದು ಪಡಿತರ ಮತ್ತು ಕಿಟ್. ಜೇನುಕುರುಬ, ಕೊರಗ, ಸೋಲಿಗ, ಯರವ ಮುಂತಾದ ಕುಟುಂಬಗಳಿಗೆ ಮಳೆಗಾಲದ ತಿಂಗಳುಗಳಲ್ಲಿ ಬೇಳೆಕಾಳು, ಎಣ್ಣೆ, ಬೆಲ್ಲ, ಮೊಟ್ಟೆ ಸೇರಿದ ಪೌಷ್ಟಿಕ ಆಹಾರದ ಪೊಟ್ಟಣ ಕೊಡುವ ಯೋಜನೆ ಬಂತು. ಅದನ್ನು ಹಗುರವಾಗಿ ನೋಡುವವರು ಆ ಹಾಡಿಗಳ ಆಷಾಢ ಕಂಡವರಲ್ಲ. ಎಷ್ಟೋ ಮಕ್ಕಳ ತಟ್ಟೆಗೆ ಮೊಟ್ಟೆ ಬೀಳುವುದು ಅದರಿಂದ. ಆದರೆ ಯೋಜನೆ ಶುರುವಿನಲ್ಲಿ ಆರಿಸಿಕೊಂಡ ತಿಂಗಳುಗಳನ್ನು ನೋಡಿ. ಕಾಡಿನಲ್ಲಿ ಸೊಪ್ಪು, ಕಳಲೆ, ಅಣಬೆ ಇರುವ ತಿಂಗಳುಗಳೇ ಅವು. ಪೊಟ್ಟಣದಲ್ಲಿ ಕಾಳು ಬರಬಹುದು, ಸೊಪ್ಪು ಬರಲಾರದು. ಒಂದು ಕೈ ಪೊಟ್ಟಣ ಕೊಡುವಾಗ ಇನ್ನೊಂದು ಕೈ ಗೇಟಿನಲ್ಲಿ ಚೀಲ ತಪಾಸಣೆ ಮಾಡುತ್ತಿದ್ದರೆ ಎರಡು ಇಲಾಖೆಗಳು ಪರಸ್ಪರ ಮಾತಾಡಿಲ್ಲವೆಂದೇ ಅರ್ಥ. ಸ್ವಂತ ಊಟಕ್ಕಾಗಿ ಇಂತಿಂಥ ತಿಂಗಳಲ್ಲಿ ಇಂತಿಂಥ ಸೊಪ್ಪು, ಗೆಣಸು, ಕಳಲೆ ತರಬಹುದು ಎಂದು ಗ್ರಾಮಸಭೆಯೇ ಪಟ್ಟಿ ಮಾಡಿ ವಲಯ ಅರಣ್ಯಾಧಿಕಾರಿಯ ಕಚೇರಿಯ ಗೋಡೆಗೆ ಹಚ್ಚಿದರೆ ಯಾವ ಹೊಸ ಕಾನೂನೂ ಬೇಕಿಲ್ಲ. ಇರುವ ಕಾಯ್ದೆಯೇ ಸಾಕು.

ಕಾಡಿಗೆ ಹೋಗುವುದರ ಅಪಾಯವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ಆನೆ, ಕರಡಿ ಎಲ್ಲರಿಗೂ ಗೊತ್ತು. ಮಲೆನಾಡಿನಲ್ಲಿ ಅದಕ್ಕಿಂತ ಹೆಚ್ಚು ಮನೆಗಳನ್ನು ಹೆದರಿಸಿರುವುದು ಒಂದು ಉಣ್ಣೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ, ಈ ಉಣ್ಣೆಯ ಕಡಿತದಿಂದ ಹರಡುವ ಮಂಗನ ಕಾಯಿಲೆ ತಗಲುವುದು ಹೆಚ್ಚಾಗಿ ದರಗು ಗುಡಿಸಲು, ಸೌದೆ ತರಲು, ಕಾಡಿನ ಸಾಮಾನು ಆಯಲು ಹೋದವರಿಗೆ. ಅದರ ಕಾಲ ಡಿಸೆಂಬರಿನಿಂದ ಮೇವರೆಗೆ. ಮಂಗ ಸತ್ತ ಸುದ್ದಿ ಬಂದ ಕೂಡಲೇ ಆರೋಗ್ಯ ಇಲಾಖೆ ಮೈಗೆ ಹಚ್ಚುವ ಎಣ್ಣೆ ಹಂಚುತ್ತದೆ, ಕಾಡಿಗೆ ಹೋಗಬೇಡಿ ಎಂದು ಡಂಗುರ ಸಾರುತ್ತದೆ. ತೋಟಕ್ಕೆ ದರಗು ಬೇಕಾದದ್ದು, ಮಳೆಗಾಲಕ್ಕೆ ಸೌದೆ ಕೂಡಿಡಬೇಕಾದದ್ದು, ಸೀಗೆ ಬಲಿಯುವುದು, ಹೆಜ್ಜೇನು ಇಳಿಸುವ ಕಾಲ ಶುರುವಾಗುವುದು ಎಲ್ಲ ಆ ತಿಂಗಳುಗಳಲ್ಲೇ. ಸತ್ತವರ ಮನೆಗೆ ಪರಿಹಾರದ ಬೇಡಿಕೆ ಪ್ರತಿ ವರ್ಷ ಏಳುತ್ತದೆ, ಏಳಬೇಕಾದದ್ದೇ. ಡಂಗುರಕ್ಕೆ ಕಿವಿಗೊಟ್ಟು ಮನೆಯಲ್ಲೇ ಉಳಿದವಳ ಆ ವಾರಗಳ ಕೂಲಿಯನ್ನು ಯಾವ ಇಲಾಖೆ ಕೊಡಬೇಕು ಎಂಬ ಬೇಡಿಕೆ ಇನ್ನೂ ಏಳಬೇಕಿದೆ.